ಪತ್ರದಲ್ಲಿ 30×40, ಟೇಪು ಹಿಡಿದರೆ ಒಂದು ಬದಿ 38½. ಟೋಕನ್‌ಗೆ ಮುಂಚೆ ದಲ್ಲಾಳಿ ಏನು ಮಾಡಬೇಕು?

ಹೊಸಹಳ್ಳಿ_ಸರ್ಕಲ್ · ಗುರುವಾರ ಬೆಳಿಗ್ಗೆ 6:50
ಎಲ್ಲರಿಗೂ ನಮಸ್ಕಾರ. ಮಂಡ್ಯ ನಗರದೊಳಗೆ, ಬನ್ನೂರು ರಸ್ತೆ ಕಡೆ, ಅಪ್ರೂವ್ಡ್ ಲೇಔಟಿನ ಸೈಟು. ಪೂರ್ವಕ್ಕೆ ರಸ್ತೆ. ಕ್ರಯಪತ್ರದಲ್ಲೂ ಇ-ಖಾತೆಯಲ್ಲೂ ಪೂರ್ವ-ಪಶ್ಚಿಮ 40, ಉತ್ತರ-ದಕ್ಷಿಣ 30. ಟೇಪು ಹಿಡಿದರೆ ದಕ್ಷಿಣದ ಬದಿ ಸರಿಯಾಗಿ 40, ಉತ್ತರದ ಬದಿ 38½. ಮುಂದೆ 30, ಹಿಂದೆ 30 ಚಿಲ್ಲರೆ. ಹಿಂದಿನ ಸೈಟಿನವರು ಮನೆ ಕಟ್ಟಿ ಕಾಂಪೌಂಡ್ ಹಾಕಿದ್ದಾರೆ.

ರೇಟು ಚದರಡಿಗೆ 2,000, ಒಟ್ಟು 24 ಲಕ್ಷ. ಪಾರ್ಟಿ ಬೆಂಗಳೂರಿನವರು, ಭಾನುವಾರ ಬಂದು ಟೋಕನ್ ಕೊಡ್ತಾರೆ. ಮಾರುವವರು "ಪತ್ರದಲ್ಲಿ 1200 ಇದೆ, 1200ಕ್ಕೇ ಮಾತಾಡಿ" ಅಂತಾರೆ. ಭಾನುವಾರದೊಳಗೆ ಏನೇನು ನೋಡ್ಕೋಬೇಕು? ಅಳತೆ ಕಡಿಮೆ ಇರೋದನ್ನ ಕೊಳ್ಳುವವರಿಗೆ ಯಾವಾಗ, ಹೇಗೆ ಹೇಳಬೇಕು? ಈ ಕೆಲಸಕ್ಕೆ ಹೊಸಬ, ದಯವಿಟ್ಟು ಬಿಡಿಸಿ ಹೇಳಿ.

ಬೆಲ್ಲದ_ಅಚ್ಚು · 7:05
ಟೋಕನ್‌ಗೆ ಮುಂಚೆ ಹೇಳಬೇಕು. ಅದರಲ್ಲಿ ಎರಡನೇ ಮಾತಿಲ್ಲ.

ಸರಪಳಿ_ಅಳತೆ · 7:22
ಮೂಲೆಯಿಂದ ಮೂಲೆಗೆ ಹಿಡಿದ್ರಾ? ನಾಲ್ಕು ಬದಿ ಅಳೆದರೆ ಅರ್ಧ ಕೆಲಸ ಅಷ್ಟೇ. 30×40 ಸೈಟಿಗೆ ಎರಡು ಕರ್ಣವೂ 50 ಅಡಿ ಬರಬೇಕು, 3-4-5ರ ಲೆಕ್ಕ. ಎರಡೂ 50 ಬಂತು ಅಂದ್ರೆ ಮೂಲೆಗಳು ಮಟ್ಟಸವಾಗಿವೆ ಅಂತ ಅರ್ಥ. ಒಂದು 50, ಇನ್ನೊಂದು ಕಡಿಮೆ ಬಂತು ಅಂದ್ರೆ ಒಂದು ಮೂಲೆ ಜಾರಿದೆ. ಯಾವ ಮೂಲೆ ಅಂತ ಕಂಡುಹಿಡಿಯೋದು ಸುಲಭ: ಕಡಿಮೆ ಬಂದ ಬದಿಗೂ ಕಡಿಮೆ ಬಂದ ಕರ್ಣಕ್ಕೂ ಯಾವ ಮೂಲೆ ಸೇರಿದೆಯೋ ಅದೇ ಜಾರಿದ ಮೂಲೆ.

ನಿಮ್ಮ ಸೈಟಲ್ಲಿ ಆಗ್ನೇಯದಿಂದ ವಾಯವ್ಯಕ್ಕೆ ಹಿಡಿದದ್ದು 48 ಅಡಿ 9¾ ಇಂಚಿನ ಹತ್ತಿರ ಬಂದರೆ ಹಿಂದಿನ ಕಾಂಪೌಂಡ್ ವಾಯವ್ಯದಲ್ಲಿ ಒಳಗೆ ಬಂದಿದೆ. ಅದರ ಬದಲು ನೈಋತ್ಯದಿಂದ ಈಶಾನ್ಯಕ್ಕೆ ಹಿಡಿದದ್ದು ಅಷ್ಟು ಬಂದರೆ ಹಿಂದಿನವರ ತಪ್ಪೇ ಇಲ್ಲ, ರಸ್ತೆ ಅಥವಾ ಚರಂಡಿ ನಿಮ್ಮ ಮುಂದಿನ ಮೂಲೆ ತಿಂದಿದೆ. ಹಿಂದಿನ ಮನೆಯವರ ಹತ್ತಿರ ಮಾತಿಗೆ ಹೋಗೋ ಮುಂಚೆ ಇದು ಗೊತ್ತಿರಲೇಬೇಕು.

ಬೋಗಾದಿ_ಕಡೆಯವ · 7:40
ಅದಕ್ಕೂ ಮುಂಚೆ ಒಂದು ಪ್ರಶ್ನೆ. ಮಂಜೂರಾದ ನಕ್ಷೆಯಲ್ಲಿ ಅಳತೆ ಅಡಿಯಲ್ಲಿದೆಯೋ ಮೀಟರಲ್ಲೋ? ಎಷ್ಟೋ ಲೇಔಟಲ್ಲಿ ಸೈಟು 9×12 ಮೀಟರ್ ಇರುತ್ತೆ, ಬಾಯಲ್ಲಿ ಮಾತ್ರ 30×40. 9 ಮೀಟರ್ ಅಂದ್ರೆ 29 ಅಡಿ 6¼ ಇಂಚು, 12 ಮೀಟರ್ ಅಂದ್ರೆ 39 ಅಡಿ 4½ ಇಂಚು. ವಿಸ್ತೀರ್ಣ 108 ಚದರ ಮೀಟರ್, ಅಂದ್ರೆ 1162½ ಚದರಡಿ. 1200 ಅಂತ ಹೇಳಿ ಮಾರಿದರೆ 37½ ಚದರಡಿ ಗಾಳಿಗೆ ದುಡ್ಡು ತಗೊಂಡ ಹಾಗೆ. ಪೂರಾ 30×40 ಆಗಿದ್ದರೆ ನಕ್ಷೆಯಲ್ಲಿ 9.14×12.19 ಅಂತ ಇರುತ್ತೆ.

ಹೊಸಹಳ್ಳಿ_ಸರ್ಕಲ್ · 7:48
ನಕ್ಷೆಯಲ್ಲಿ 9.14×12.19 ಅಂತಲೇ ಇದೆ ಸರ್. ಕರ್ಣ ಹಿಡಿದಿರಲಿಲ್ಲ. ಇವತ್ತು ಸಂಜೆ ಹಿಡೀತೀನಿ.

ಕುವೆಂಪುನಗರ_ಮನೆ · 8:10
ಯಾವ ಟೇಪು? ಬಟ್ಟೆ, ಫೈಬರ್ ಟೇಪು ಎಳೆದರೆ ಹಿಗ್ಗುತ್ತೆ. 30 ಮೀಟರಿನ ಉಕ್ಕಿನ ಟೇಪು ತಗೊಳ್ಳಿ. ಸೊನ್ನೆ ಎಲ್ಲಿದೆ ಅಂತ ನೋಡ್ಕೊಳ್ಳಿ: ಕೆಲವದರಲ್ಲಿ ಕೊಂಡಿಯ ಹೊರ ಅಂಚೇ ಸೊನ್ನೆ, ಕೆಲವದರಲ್ಲಿ ಒಂದು ಗೇಣು ಖಾಲಿ ಬಿಟ್ಟು ಆಮೇಲೆ ಸೊನ್ನೆ. ಅದು ಗೊತ್ತಿಲ್ಲದೆ ಹಿಡಿದರೆ ಪ್ರತಿ ಬದಿಯೂ ತಪ್ಪು. ಗಿಡಗಂಟಿ ಮೇಲೆ ಹಾಯಿಸಬೇಡಿ. ಸೀಮೆಜಾಲಿ, ಪಾರ್ಥೇನಿಯಂ ಇದ್ದರೆ ಗೆರೆಯಷ್ಟಾದರೂ ಸವರಿಸಿ, ನೆಲಮಟ್ಟದಲ್ಲಿ ಬಿಗಿಯಾಗಿ ಹಿಡೀರಿ.

ಕಾಂಪೌಂಡಿನ ಯಾವ ಮುಖಕ್ಕೆ ಹಿಡಿದ್ರಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಗೋಡೆ ಅವರದೇ ಆದರೆ ಅದರ ದಪ್ಪವೂ ಅವರ ಜಾಗದಲ್ಲೇ ಇರಬೇಕು, ಆದ್ದರಿಂದ ನಿಮ್ಮ ಕಡೆಯ ಮುಖದವರೆಗೆ ಪೂರಾ 40 ಸಿಗಬೇಕು. ಮೇಲಿನ ಗೋಡೆ ಸರಿಯಿದ್ದು ಪಾಯದ ಸೈಜುಗಲ್ಲು ಮುಂದೆ ಚಾಚಿಕೊಂಡಿದ್ದರೆ ಅದನ್ನೂ ಬರೆದುಕೊಳ್ಳಿ. ನಾಳೆ ನಿಮ್ಮ ಪಾರ್ಟಿ ಪಾಯ ತೆಗೆಸುವಾಗ ಜಗಳ ಶುರುವಾಗೋದು ಅಲ್ಲೇ.

ನಾಲೆ_ಏರಿ · 8:31
ಒಂದೂವರೆ ಅಡಿಗೆ ಇಷ್ಟೆಲ್ಲ ಯಾಕಣ್ಣ? ಮಂಡ್ಯದಲ್ಲಿ ಯಾವ ಸೈಟು ಗೆರೆ ಎಳೆದ ಹಾಗಿದೆ? ಚೆಕ್ಕುಬಂದಿ, ಅಂದ್ರೆ ಪತ್ರದಲ್ಲಿ ಬರೆದ ನಾಲ್ಕು ದಿಕ್ಕಿನ ಗಡಿ, ಸರಿ ಇದ್ದರೆ ಸಾಕು. ಅಳತೆಗೂ ಚೆಕ್ಕುಬಂದಿಗೂ ತಾಳೆ ಆಗದಿದ್ದರೆ ಕೋರ್ಟಲ್ಲೂ ಚೆಕ್ಕುಬಂದಿಯೇ ನಿಲ್ಲೋದು.

ಸರಪಳಿ_ಅಳತೆ · 8:44
@ನಾಲೆ_ಏರಿ ಆ ಮಾತು ಹೊಲ, ಗದ್ದೆ, ಹಳೇ ಊರೊಳಗಿನ ಜಾಗಕ್ಕೆ ಸರಿ. "ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿದಾರಿ" ಅಂತಿದ್ದರೆ ಹಳ್ಳ ಎಲ್ಲೂ ಹೋಗಲ್ಲ. ಇಲ್ಲಿ ಚೆಕ್ಕುಬಂದಿಯಲ್ಲಿ ಏನಿರುತ್ತೆ? "ಪಶ್ಚಿಮಕ್ಕೆ ಸೈಟ್ ನಂಬರ್ ಇಷ್ಟು" ಅಂತ. ಆ ಸೈಟು ಎಲ್ಲಿ ಮುಗಿಯುತ್ತೆ ಅಂತ ಹೇಳೋದು ಮಂಜೂರಾದ ನಕ್ಷೆಯೇ ಹೊರತು ಅವರು ಕಟ್ಟಿದ ಗೋಡೆ ಅಲ್ಲ. ಹಾಗಾಗಿ ಲೇಔಟ್ ಸೈಟಲ್ಲಿ ತಿರುಗಿ ತಿರುಗಿ ನಕ್ಷೆಯ ಅಳತೆಗೇ ಬರಬೇಕಾಗುತ್ತೆ.

ನಾಲೆ_ಏರಿ · 8:52
ಒಪ್ಪಿದೆ. ಗದ್ದೆಯ ಲೆಕ್ಕದಲ್ಲಿ ಹೇಳಿದ್ದೆ.

ಸರಪಳಿ_ಅಳತೆ · 9:03
ಕರ್ಣ ಆದ ಮೇಲೆ ಇನ್ನೊಂದು ಅಳತೆ ಬಾಕಿ. ಬೆನ್ನಿಗೆ ಬೆನ್ನು ಹತ್ತಿದ ಎರಡು ಸೈಟು ಅಂದ್ರೆ ಈ ರಸ್ತೆಯಿಂದ ಆ ರಸ್ತೆಗೆ 80 ಅಡಿ. ಉತ್ತರದ ಗೆರೆಯಲ್ಲಿ ರಸ್ತೆಯಿಂದ ರಸ್ತೆಗೆ ಹಿಡೀರಿ. ಮಧ್ಯೆ ಮನೆ ಅಡ್ಡ ಬರುತ್ತೆ, ಅದಕ್ಕೆ ಪಕ್ಕದ ಖಾಲಿ ಸೈಟಿನ ಮೂಲಕ ಸಮಾನಾಂತರವಾಗಿ ಹಿಡಿದರೆ ಆಯ್ತು. 80 ಬಂದರೆ ಕಳೆದ ಒಂದೂವರೆ ಅಡಿ ಹಿಂದಿನವರ ಹತ್ತಿರ ಇದೆ. 78½ ಬಂದರೆ ಯಾರ ಹತ್ತಿರವೂ ಇಲ್ಲ, ಲೇಔಟ್ ಗುರುತು ಹಾಕಿದ ದಿನವೇ ತಪ್ಪಾಗಿದೆ. ಮೊದಲನೇದಕ್ಕೆ ಪಕ್ಕದವರ ಜೊತೆ ಮಾತು, ಎರಡನೇದಕ್ಕೆ ಲೇಔಟ್ ಮಾಡಿದವರು ಮತ್ತು ನಗರಾಭಿವೃದ್ಧಿ ಪ್ರಾಧಿಕಾರ.

ಪೂರ್ವದ ರಸ್ತೆಯ ಅಗಲವೂ ನೋಡಿ. ನಕ್ಷೆಯಲ್ಲಿ 9 ಮೀಟರ್ ಇದ್ದು ಎದುರುಬದುರು ಕಾಂಪೌಂಡಿನ ಮಧ್ಯೆ 28 ಅಡಿಯೇ ಇದ್ದರೆ ಎದುರಿನವರೋ ಈ ಸಾಲಿನವರೋ ಮುಂದೆ ಬಂದಿದ್ದಾರೆ. ಆಗ ನಿಮ್ಮ 40ರ ಲೆಕ್ಕವೇ ಸುಳ್ಳಾಗುತ್ತೆ.

ಪಾಂಡವಪುರ_ಲೈನು · 9:30
ಅಳತೆ ಅಂದ ಮೇಲೆ ನೆನಪಾಯ್ತು, ಗದ್ದೆ ಕೊಡಿಸೋರು ಇದನ್ನೂ ಓದಿ. ಒಂದು ಗುಂಟೆ ಅಂದ್ರೆ 33×33 ಅಡಿ, 1089 ಚದರಡಿ, 16 ಆಣೆ. 40 ಗುಂಟೆಗೆ ಎಕರೆ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರೋದಾದರೆ 11ಇ ನಕ್ಷೆ (ಮಾರೋ ಭಾಗವನ್ನ ಗುರುತಿಸಿದ ಸರ್ವೆ ನಕ್ಷೆ) ಇಲ್ಲದೆ ನೋಂದಣಿ ಆಗಲ್ಲ, ಅದಕ್ಕೆ ಸರ್ವೇಯರ್ ಬಂದು ಅಳೆಯಬೇಕು. ಹಾಗಾಗಿ "ಮುಂದಿನ ವಾರವೇ ರಿಜಿಸ್ಟ್ರೇಷನ್" ಅಂತ ಕೊಳ್ಳುವವರಿಗೆ ಮಾತು ಕೊಡಬೇಡಿ.

ಪಹಣಿಯಲ್ಲಿ ಎಲ್ಲರೂ ಕಾಲಂ 9ರ ಹೆಸರು ನೋಡಿ ಬಿಟ್ಟುಬಿಡ್ತಾರೆ. ಕಾಲಂ 3ರಲ್ಲಿ ಖರಾಬು, ಅಂದ್ರೆ ಸಾಗುವಳಿಗೆ ಬಾರದ ಜಾಗ, ಎಷ್ಟು ಕಳೆದಿದೆ ನೋಡಿ. ಬಿ ಖರಾಬು ಅಂದ್ರೆ ದಾರಿ, ಕಾಲುವೆ, ಹಳ್ಳ ಇಂಥ ಸಾರ್ವಜನಿಕ ಜಾಗ, ಮಾರೋಕೆ ಬರಲ್ಲ. ಕಾಲಂ 10ರಲ್ಲಿ ಜಮೀನು ಯಾವ ರೀತಿ ಬಂತು ಅಂತ ಇರುತ್ತೆ, ಅಲ್ಲಿರೋ ಎಂ.ಆರ್. (ಮ್ಯುಟೇಷನ್, ಹಕ್ಕು ಬದಲಾವಣೆ) ನಂಬರ್ ಹಿಡಿದು ಹಿಂದಕ್ಕೆ ಹೋಗಿ. ಕಾಲಂ 11ರಲ್ಲಿ ಸೊಸೈಟಿ ಸಾಲ, ಬ್ಯಾಂಕ್ ಸಾಲ, ಕೋರ್ಟ್ ತಡೆ ಇರುತ್ತೆ. ಕಾಲಂ 12ರಲ್ಲಿ ಸಾಗುವಳಿದಾರರ ಹೆಸರು ಬೇರೆ ಇದ್ದರೆ, ಯಾಕೆ ಅಂತ ಕೇಳದೆ ಮುಂದಕ್ಕೆ ಹೋಗಬೇಡಿ.

ಹಳೇ ಪತ್ರದ ಚೆಕ್ಕುಬಂದಿಯಲ್ಲಿ "ಇರ್ವಿನ್ ನಾಲೆ" ಅಂತಿದ್ದರೆ ಗಾಬರಿ ಬೇಡ, ಈಗಿನ ವಿಶ್ವೇಶ್ವರಯ್ಯ ನಾಲೆಯೇ ಅದು. ಆದರೆ ನಾಲೆಗೆ ಭೂಸ್ವಾಧೀನ ಆದ ಭಾಗ ಕಳೆದು ಉಳಿದದ್ದೆಷ್ಟು ಅಂತ ಆಕಾರಬಂದ್ (ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆ) ಜೊತೆ ತಾಳೆ ಹಾಕಿ ನೋಡಿ.

ಬೆಲ್ಲದ_ಅಚ್ಚು · 9:41
ಮಂಜೂರಾತಿ ಜಮೀನು ಮರೆತ್ರಿ. ಕಾಲಂ 10ರಲ್ಲಿ "ಸರ್ಕಾರಿ ಮಂಜೂರು" ಅಂತಿದ್ದು, ಮೂಲ ಮಂಜೂರಿದಾರರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಬರುತ್ತೆ. ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ನಿಲ್ಲೋದೇ ಇಲ್ಲ. ಮಧ್ಯೆ ನಾಲ್ಕು ಕೈ ಬದಲಾಗಿದ್ದರೂ ಅಷ್ಟೇ. 2023ರ ತಿದ್ದುಪಡಿ ಆದ ಮೇಲೆ ಅರ್ಜಿ ಹಾಕೋಕೆ ಕಾಲಮಿತಿಯೂ ಇಲ್ಲ. ಅದು ಆ ಕುಟುಂಬಕ್ಕೆ ಕೊಟ್ಟ ರಕ್ಷಣೆ. ಅದನ್ನ ತಪ್ಪಿಸೋ ದಾರಿ ಹುಡುಕೋದು ದಲ್ಲಾಳಿಯ ಕೆಲಸ ಅಲ್ಲ, ಕೊಳ್ಳುವವರಿಗೆ ಮೊದಲೇ ತಿಳಿಸೋದು ಕೆಲಸ.

ಹೊಸಹಳ್ಳಿ_ಸರ್ಕಲ್ · ರಾತ್ರಿ 8:15
ಅಳತೆ ಬಂತು. ನೈಋತ್ಯದಿಂದ ಈಶಾನ್ಯ ಸರಿಯಾಗಿ 50. ಆಗ್ನೇಯದಿಂದ ವಾಯವ್ಯ 48 ಅಡಿ 10 ಇಂಚು. ಉತ್ತರದ ಕಡೆ ಪಕ್ಕದ ಸೈಟು ಖಾಲಿ, ಅದರ ಮೂಲಕ ರಸ್ತೆಯಿಂದ ರಸ್ತೆಗೆ 80 ಅಡಿ ಬಂತು. ಎದುರು ರಸ್ತೆ 30 ಅಡಿ ಇದೆ. ಅಂದ್ರೆ ವಾಯವ್ಯ ಮೂಲೆಯಲ್ಲಿ ಹಿಂದಿನ ಕಾಂಪೌಂಡ್ ಒಂದೂವರೆ ಅಡಿ ಒಳಗೆ ಬಂದಿದೆ. ಆ ಮೂಲೆಯಲ್ಲಿ ಕಲ್ಲು ಇಲ್ಲ, ಉಳಿದ ಮೂರಲ್ಲಿ ಇದೆ.

ಸರಪಳಿ_ಅಳತೆ · 8:24
ಸರಿಯಾಗಿದೆ. ಗೋಡೆ ಓರೆಯಾಗಿ ಬಂದಿರೋದರಿಂದ ಕಳೆದಿರೋದು 45 ಚದರಡಿ ಅಲ್ಲ, ತ್ರಿಕೋನ. 30 × 1½ ಭಾಗಿಸು 2, ಅಂದ್ರೆ 22½ ಚದರಡಿ. ಕೈಯಲ್ಲಿರೋದು 1177½. ಇದನ್ನ ನೆನಪಿಟ್ಟುಕೊಳ್ಳಿ, ಯಾಕಂದ್ರೆ ಭಾನುವಾರ ಅವರು 38½×30 ಅಂತ 1155ಕ್ಕೆ ಲೆಕ್ಕ ಹಾಕಬಹುದು. ಅದೂ ತಪ್ಪೇ.

ಬೋಗಾದಿ_ಕಡೆಯವ · 8:40
ಚದರಡಿಗೆ 2,000ರ ಹಾಗೆ 45,000 ವ್ಯತ್ಯಾಸ. ಮಾರುವವರಿಗೆ ಇದನ್ನ ಅಂಕಿಯಲ್ಲೇ ಹೇಳಿ. "ಅಳತೆ ಕಡಿಮೆ ಇದೆ" ಅಂದ್ರೆ ರೇಗ್ತಾರೆ, "23 ಲಕ್ಷ 55 ಸಾವಿರದ ಸೈಟು" ಅಂದ್ರೆ ಯೋಚನೆ ಮಾಡ್ತಾರೆ.

ಕುವೆಂಪುನಗರ_ಮನೆ · 8:58
ದುಡ್ಡಿಗಿಂತ ಗೋಡೆಯ ವಯಸ್ಸು ಮುಖ್ಯ. ಬೇರೆಯವರ ಜಾಗವನ್ನ 12 ವರ್ಷ ಎಲ್ಲರಿಗೂ ಗೊತ್ತಾಗೋ ಹಾಗೆ, ಮಾಲೀಕರ ಹಕ್ಕಿಗೆ ವಿರುದ್ಧವಾಗಿ ಅನುಭವಿಸಿಕೊಂಡು ಬಂದಿದ್ದರೆ ಪ್ರತಿಕೂಲ ಸ್ವಾಧೀನ ಅಂತ ವಾದ ಎತ್ತಬಹುದು. ಗೂಗಲ್ ಅರ್ಥ್‌ನಲ್ಲಿ ಹಳೇ ವರ್ಷಗಳ ಚಿತ್ರ ತೆಗೆದು ನೋಡಿ. ಒಂದೂವರೆ ಅಡಿ ಗೊತ್ತಾಗಲ್ಲ, ಆದರೆ ಆ ಮನೆ, ಆ ಗೋಡೆ ಯಾವ ವರ್ಷದ ಚಿತ್ರದಲ್ಲಿ ಮೊದಲು ಕಾಣುತ್ತೆ ಅನ್ನೋದು ಗೊತ್ತಾಗುತ್ತೆ. ಮನೆ ಲೈಸೆನ್ಸಿನ ತಾರೀಕು, ಕರೆಂಟ್ ಸಂಪರ್ಕದ ತಾರೀಕೂ ಸಾಕ್ಷಿಯೇ.

ನಾಲೆ_ಏರಿ · 9:10
ಹಿಂದಿನವರನ್ನ ಹೋಗಿ ಕೇಳೋದು ಸುಲಭ ಅಲ್ವಾ? ಮಾರುವವರನ್ನೂ ಕರ್ಕೊಂಡು ಹೋಗಿ. ದಲ್ಲಾಳಿ ಒಬ್ಬನೇ ಹೋದರೆ "ನೀನ್ಯಾರಯ್ಯ ಕೇಳೋಕೆ" ಅಂತಾರೆ, ಮಾಲೀಕರು ಹೋದರೆ ಕೂರಿಸಿ ಮಾತಾಡ್ತಾರೆ. ಇಬ್ಬರ ಪತ್ರವನ್ನೂ ಎದುರಿಗಿಟ್ಟು, ಅವರ ಕೈಲೇ ಟೇಪಿನ ಒಂದು ತುದಿ ಹಿಡಿಸಿ ಅಳೆದು ತೋರಿಸಿ. ಅವರ ಪತ್ರದಲ್ಲೂ 40 ಅಂತಲೇ ಇರುತ್ತೆ, ಅವರಿಗೆ ಅಲ್ಲಿ 41½ ಬರುತ್ತೆ. ಬೇಕಂತ ಮಾಡಿದ್ದಲ್ಲದೆ ಇರಬಹುದು, ಕಲ್ಲು ಕಿತ್ತುಹೋಗಿ ಮೇಸ್ತ್ರಿ ಅಂದಾಜಿಗೆ ದಾರ ಕಟ್ಟಿರ್ತಾನೆ.

ಪಾಂಡವಪುರ_ಲೈನು · 9:15
ಗೋಡೆ ಒಡೆಯೋಕೆ ಯಾರು ಒಪ್ತಾರೆ?

ನಾಲೆ_ಏರಿ · 9:19
ಒಪ್ಪದಿದ್ದರೂ ವಿಷಯ ಎಲ್ಲರಿಗೂ ಗೊತ್ತಾದ ಹಾಗಾಯ್ತು. 22½ ಚದರಡಿಗೆ ದುಡ್ಡು ಕೊಟ್ಟು ತಾವೇ ತಗೊಳ್ಳೋಕೂ ಒಪ್ಪಬಹುದು.

ಕ್ರಯಪತ್ರ_ಬರಹ · 9:45
@ನಾಲೆ_ಏರಿ 22½ ಚದರಡಿಯ ತ್ರಿಕೋನವನ್ನ ಬೇರೆ ಮಾಡಿ ಮಾರೋಕೆ ಆಗಲ್ಲ. ಅದಕ್ಕೆ ಪ್ರತ್ಯೇಕ ಖಾತೆ ಇಲ್ಲ, ಸೈಟಿನ ಒಂದು ತುಂಡು ಮಾರಬೇಕಾದರೆ ಮಂಜೂರಾದ ಸೈಟನ್ನ ಒಡೆಯೋಕೆ ಪ್ರಾಧಿಕಾರದ ಅನುಮತಿ ಬೇಕು. ಆ ಸಲಹೆ ಕೊಡಬೇಡಿ.

ನೋಂದಣಿ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಕಾವೇರಿ 2.0 ಬಂದ ಮೇಲೆ ಮೊದಲಿನ ಹಾಗೆ ಷೆಡ್ಯೂಲಲ್ಲಿ (ಪತ್ರದಲ್ಲಿ ಸ್ವತ್ತಿನ ವಿವರ ಇರೋ ಭಾಗದಲ್ಲಿ) ಬಾಯಿಗೆ ಬಂದದ್ದು ಬರೆಯೋಕೂ ಆಗಲ್ಲ. 2024ರ ಅಕ್ಟೋಬರ್‌ನಿಂದ ನಗರದ ಆಸ್ತಿಗೆ ಇ-ಖಾತೆ ಕಡ್ಡಾಯ, ಅಳತೆ ಅಲ್ಲಿಂದಲೇ ಬರುತ್ತೆ. ಹಾಗಾಗಿ ಎರಡೇ ದಾರಿ. ಒಂದು, ನೋಂದಣಿಗೆ ಮುಂಚೆ ಮಾರುವವರೇ ಜಾಗ ಸರಿಪಡಿಸಿಕೊಡೋದು. ಇನ್ನೊಂದು, ಷೆಡ್ಯೂಲಲ್ಲಿ ಖಾತೆಯ ಅಳತೆಯನ್ನೇ ಇಟ್ಟು, ಪತ್ರದ ಒಕ್ಕಣೆಯಲ್ಲಿ ಈಗ ಸ್ಥಳದಲ್ಲಿ ಇರೋದೆಷ್ಟು, ಬೆಲೆ ಯಾವ ಅಳತೆಗೆ ಕಟ್ಟಿದ್ದು, ಉಳಿದ ಭಾಗದ ಮೇಲಿನ ಹಕ್ಕೂ ಕೊಳ್ಳುವವರಿಗೇ ಸೇರುತ್ತೆ ಅಂತ ಬರೆಯೋದು. ಆಗ ಅವರು ಮುಂದೆ ಹಿಂದಿನವರ ಹತ್ತಿರ ಕೇಳೋ ಹಕ್ಕು ಉಳಿಯುತ್ತೆ, ಮಾರುವವರ ಮೇಲೆ "ಮುಚ್ಚಿಟ್ಟಿರಿ" ಅನ್ನೋ ದೂರು ಬರಲ್ಲ.

ಬೆಲ್ಲದ_ಅಚ್ಚು · 9:52
ನೋಂದಣಿ ಖರ್ಚು ಎಷ್ಟಾಗುತ್ತೆ ಅಂತ ಟೋಕನ್ ದಿನವೇ ಹೇಳಿಬಿಡಿ. ಒಟ್ಟು ಶೇ 6.6 ಅಲ್ವಾ?

ಬೋಗಾದಿ_ಕಡೆಯವ · 9:55
45 ಲಕ್ಷದ ಒಳಗಾದರೆ ಸ್ಟ್ಯಾಂಪ್ ಶೇ 3 ಅಂತಾರಲ್ಲ?

ಕ್ರಯಪತ್ರ_ಬರಹ · 10:08
ಎರಡೂ ತಪ್ಪು. ಶೇ 3 ರಿಯಾಯಿತಿ ಇರೋದು ಅಪಾರ್ಟ್‌ಮೆಂಟ್ ಫ್ಲ್ಯಾಟ್ ಮೊದಲ ಸಲ ನೋಂದಣಿ ಆಗುವಾಗ, ಸೈಟಿಗಲ್ಲ. 6.6 ಹಳೇ ಲೆಕ್ಕ, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1 ಇದ್ದದ್ದು 2 ಆಯ್ತು.

24 ಲಕ್ಷಕ್ಕೆ ಹೀಗೆ: ಸ್ಟ್ಯಾಂಪ್ ಶೇ 5, ಅಂದ್ರೆ 1,20,000. ಸ್ಟ್ಯಾಂಪಿನ ಮೇಲೆ ಶೇ 10 ಸೆಸ್ 12,000. ಸ್ಟ್ಯಾಂಪಿನ ಮೇಲೆ ಸರ್‌ಚಾರ್ಜ್ ನಗರದಲ್ಲಿ ಶೇ 2, ಅಂದ್ರೆ 2,400. ನೋಂದಣಿ 48,000. ಒಟ್ಟು 1,82,400. ಇದೇ ಆಸ್ತಿ ಪಂಚಾಯ್ತಿ ವ್ಯಾಪ್ತಿಯಲ್ಲಿದ್ದರೆ ಸರ್‌ಚಾರ್ಜ್ ಶೇ 3 ಆಗಿ 1,200 ಹೆಚ್ಚು. ಮಾತಾದ ಬೆಲೆ, ಮಾರ್ಗಸೂಚಿ ಬೆಲೆ ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ ಈ ಲೆಕ್ಕ. ಪತ್ರ ಬರೆಸೋ ಖರ್ಚು ಬೇರೆ.

ಕುವೆಂಪುನಗರ_ಮನೆ · ಶುಕ್ರವಾರ ಬೆಳಿಗ್ಗೆ 6:30
ಅಳತೆ ಗಲಾಟೆಯಲ್ಲಿ ಕಾಗದ ಪತ್ರ ಮರೀಬೇಡಿ. ಇ.ಸಿ. (ಋಣಭಾರ ಪತ್ರ, ಸ್ವತ್ತಿನ ಮೇಲೆ ನೋಂದಣಿಯಾದ ವಹಿವಾಟಿನ ಪಟ್ಟಿ) ತೆಗೆಸಿದ್ರಾ? ಆನ್‌ಲೈನಲ್ಲಿ 2004ರ ಏಪ್ರಿಲ್‌ನಿಂದ ಈಚೆಗೆ ಸಿಗುತ್ತೆ, ಅದಕ್ಕೂ ಹಿಂದಿನದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಪುಸ್ತಕ ನೋಡಿ ಕೊಡೋದು. ವಹಿವಾಟು ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಈ "ಏನೂ ಇಲ್ಲ" ಅನ್ನೋದನ್ನ ನಂಬಿ ಮೋಸ ಹೋಗೋರೇ ಜಾಸ್ತಿ. ಸೈಟ್ ನಂಬರ್ ಹಾಕಿ ಹುಡುಕಿದರೆ ಒಂದು ಬರುತ್ತೆ, ಹಳೇ ಖಾತೆ ನಂಬರ್ ಹಾಕಿದರೆ ಇನ್ನೊಂದು, ಲೇಔಟ್ ಆಗೋ ಮುಂಚಿನ ಸರ್ವೆ ನಂಬರ್ ಹಾಕಿದರೆ ಮತ್ತೊಂದು. ಮೂರರಲ್ಲೂ ಹುಡುಕಬೇಕು. ತಪ್ಪು ನಂಬರಿಗೆ ಬಂದ ನಮೂನೆ 16ಕ್ಕೆ ಬೆಲೆ ಇಲ್ಲ.

ಬೋಗಾದಿ_ಕಡೆಯವ · 6:52
ಅದರ ಜೊತೆಗೆ ಅಸಲು ಪತ್ರ ಕಣ್ಣಾರೆ ನೋಡಿ. ಕಲರ್ ಜೆರಾಕ್ಸ್ ಕೊಟ್ಟು "ಅಸಲು ಲಾಕರಲ್ಲಿದೆ" ಅಂದರೆ ಲಾಕರಿಂದ ತರೋವರೆಗೆ ಟೋಕನ್ ಮಾತು ಬೇಡ. ಪತ್ರ ಅಡವಿಟ್ಟು ಸಾಲ ತಗೊಂಡದ್ದು ನೋಂದಣಿ ಆಗಿಲ್ಲದಿದ್ದರೆ ಇ.ಸಿ.ಯಲ್ಲಿ ಕಾಣಲ್ಲ. ಸೆರ್ಸಾಯ್ ಜಾಲತಾಣದಲ್ಲಿ ಹುಡುಕಿದರೆ ಬ್ಯಾಂಕು, ಫೈನಾನ್ಸ್ ಕಂಪನಿಯವರು ದಾಖಲಿಸಿದ ಅಡಮಾನ ಗೊತ್ತಾಗುತ್ತೆ.

ಪಾಂಡವಪುರ_ಲೈನು · 7:15
ಮಾರುವವರಿಗೆ ಸೈಟು ಸ್ವಂತ ಕ್ರಯದಿಂದ ಬಂದದ್ದೋ ಪಿತ್ರಾರ್ಜಿತವೋ? ಪಿತ್ರಾರ್ಜಿತ ಆದರೆ ವಂಶವೃಕ್ಷ ಕೇಳಿ, ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿದೆಯಾ ನೋಡಿ. 2005ರ ತಿದ್ದುಪಡಿ ಪ್ರಕಾರ ಅವರಿಗೂ ಸಮಪಾಲು. ತಂದೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ವಿಭಾಗ ಪತ್ರ ಇದ್ದರೆ ಅದು ಬೇರೆ ಮಾತು. "ಮದುವೆ ಮಾಡಿ ಕಳಿಸಿದ್ದೀವಿ, ಅವರದೇನೂ ತಕರಾರಿಲ್ಲ" ಅನ್ನೋದು ಸಹಿ ಅಲ್ಲ. ಅಕ್ಕತಂಗಿಯರು ಬಂದು ಹೆಬ್ಬೆಟ್ಟು ಒತ್ತಬೇಕು, ಇಲ್ಲ ಹಕ್ಕು ಖುಲಾಸೆ ಪತ್ರ ಮೊದಲೇ ಆಗಿರಬೇಕು. ಅವರ ಪಾಲು ಅವರ ಕೈಗೆ ಸೇರಿತಾ ಅಂತ ಒಂದು ಮಾತು ಕೇಳಿದರೆ ತಪ್ಪಿಲ್ಲ.

ಹೊಸಹಳ್ಳಿ_ಸರ್ಕಲ್ · 7:20
ಸ್ವಂತ ಕ್ರಯ ಸರ್. ಅಸಲು ನೋಡಿದ್ದೀನಿ. ಇ.ಸಿ. ಸೈಟ್ ನಂಬರಿಗೆ ಮಾತ್ರ ತೆಗೆಸಿದ್ದೆ, ಸರ್ವೆ ನಂಬರಿಗೂ ಇವತ್ತೇ ಅರ್ಜಿ ಹಾಕ್ತೀನಿ.

ಬೆಲ್ಲದ_ಅಚ್ಚು · 7:34
ಜಾಗ ಮೊದಲು ಗದ್ದೆಯಾಗಿತ್ತಾ? ಬನ್ನೂರು ರಸ್ತೆ ಕಡೆ ಅಂದ್ರೆ ಕೇಳಲೇಬೇಕು. ನಾಲೆ ನೀರು ಹರಿಯೋ ಪ್ರದೇಶದಲ್ಲಿ ಬೇಸಿಗೆಯಲ್ಲಿ ಸೈಟು ಗಟ್ಟಿನೆಲ ಕಂಡ ಹಾಗೆ ಕಾಣುತ್ತೆ. ನಾಲೆಗೆ ನೀರು ಬಿಟ್ಟು ಸುತ್ತ ಗದ್ದೆ ನಾಟಿಯಾದಾಗ ಬಂದು ನೋಡಿ, ಎರಡು ಮೂರು ಅಡಿಗೇ ಜೌಗು. ಕಟ್ಟು ಪದ್ಧತಿಯಲ್ಲಿ (ಸರದಿ ಮೇಲೆ ನಾಲೆ ನೀರು ಬಿಟ್ಟು ನಿಲ್ಲಿಸೋದು) ನೀರು ನಿಲ್ಲಿಸಿದ ವಾರ ನೋಡಿದರೂ ಗೊತ್ತಾಗಲ್ಲ, ಬಿಟ್ಟ ವಾರ ನೋಡಬೇಕು. ಮಣ್ಣು ತುಂಬಿಸಿದ ಜಾಗವಾದರೆ ಒಂದು ಮೂಲೆಯಲ್ಲಿ ಐದಾರು ಅಡಿ ಗುಂಡಿ ತೆಗೆಸಿ, ತುಂಬಿದ ಮಣ್ಣು ಎಲ್ಲಿಗೆ ಮುಗಿದು ಮೂಲನೆಲ ಎಲ್ಲಿ ಸಿಗುತ್ತೆ ಅಂತ ತೋರಿಸಿ. ಪಾಯಕ್ಕೆ ಎಷ್ಟು ಖರ್ಚಾಗುತ್ತೆ ಅನ್ನೋದು ಅದರ ಮೇಲಿದೆ. ಪಕ್ಕದ ಮನೆಗಳ ಗೋಡೆಯ ಬುಡ ನೋಡಿ. ಒಂದೆರಡು ಅಡಿವರೆಗೆ ಬಣ್ಣ ಉದುರಿ ಬಿಳಿ ಉಪ್ಪು ಬಿಟ್ಟಿದ್ದರೆ ನೆಲದ ತೇವ ಮೇಲೇರ್ತಿದೆ ಅಂತ ಅರ್ಥ.

ನಾಲೆ_ಏರಿ · 7:41
ಇದು ನೂರಕ್ಕೆ ನೂರು ಸರಿ.

ಕುವೆಂಪುನಗರ_ಮನೆ · 7:50
ತಲೆ ಎತ್ತಿಯೂ ನೋಡಿ. ಹೈಟೆನ್ಷನ್ ತಂತಿ ಕೆಳಗೆ 66 ಕೆ.ವಿ.ಗೆ 18 ಮೀಟರ್, 220 ಕೆ.ವಿ.ಗೆ 35 ಮೀಟರ್ ಅಗಲದ ದಾರಿ ಬಿಡಬೇಕು. ಹೆಚ್ಚಿನವರು ತಂತಿ ನೇರ ತಲೆ ಮೇಲಿಲ್ಲ ಅಂತ ಸುಮ್ಮನಾಗ್ತಾರೆ. ಗೋಪುರದ ನಡುಗೆರೆಯಿಂದ ಎರಡೂ ಕಡೆ ಅರ್ಧರ್ಧ ಅಳೀಬೇಕು.

ಬೋಗಾದಿ_ಕಡೆಯವ · 8:20
ಹೊಸಬರಿಗೆ ಒಂದು ಗೊಂದಲ ಬಿಡಿಸಿಬಿಡ್ತೀನಿ. ಮಂಡ್ಯ ನಗರಾಭಿವೃದ್ಧಿ ಪ್ರಾಧಿಕಾರವನ್ನೂ ಮುಡಾ ಅಂತಾರೆ, ಮೈಸೂರಿನದನ್ನೂ ಮುಡಾ ಅಂತಲೇ ಕರೀತಿದ್ದರು, ಈಗ ಅದು ಮೈಸೂರು ಅಭಿವೃದ್ಧಿ ಪ್ರಾಧಿಕಾರ. ಫೋನಲ್ಲಿ "ಮುಡಾ ಅಪ್ರೂವ್ಡ್" ಅಂದ್ರೆ ಯಾವ ಮುಡಾ ಅಂತ ಕೇಳಿ. "ಅಪ್ರೂವ್ಡ್" ಬೇರೆ, "ಮುಡಾ ಹಂಚಿದ ಸೈಟು" ಬೇರೆ. ಹಂಚಿಕೆ ಸೈಟಾದರೆ ಹಂಚಿಕೆ ಪತ್ರ, ಸ್ವಾಧೀನ ಪತ್ರ, ಪ್ರಾಧಿಕಾರ ಮಾಡಿಕೊಟ್ಟ ಶುದ್ಧ ಕ್ರಯಪತ್ರ ಮೂರೂ ಇರಬೇಕು. ಲೀಸ್ ಕಂ ಸೇಲ್ ಅಗ್ರಿಮೆಂಟ್ ಮಾತ್ರ ಇದ್ದರೆ ಇನ್ನೂ ಅವರು ಪೂರಾ ಮಾಲೀಕರಾಗಿಲ್ಲ.

ಪಂಚಾಯ್ತಿ ವ್ಯಾಪ್ತಿಯದಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇದೆಯಾ, ಅಥವಾ ಬರೀ 11ಬಿಯಾ ಅಂತ ನೋಡಿ. ಈ ಒಂದು ಅಕ್ಷರದ ಮೇಲೆ ಸಾಲ ನಿಂತಿದೆ. ಬಹಳ ಬ್ಯಾಂಕು 11ಬಿಗೆ ಸಾಲ ಕೊಡಲ್ಲ.

ಪಾಂಡವಪುರ_ಲೈನು · 8:33
ದಲ್ಲಾಳಿ ಮಾಡೋರೆಲ್ಲ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ) ನೋಂದಣಿ ಮಾಡಿಸಲೇಬೇಕು ಅಂತಾರೆ, ನಿಜವಾ?

ಕ್ರಯಪತ್ರ_ಬರಹ · 8:50
ಎಲ್ಲರೂ ಅಲ್ಲ. ರೇರಾದಲ್ಲಿ ನೋಂದಣಿ ಆಗಬೇಕಾದ ಯೋಜನೆಯ ಸೈಟು, ಫ್ಲ್ಯಾಟು ಮಾರಿಸೋದಾದರೆ ಏಜೆಂಟೂ ನೋಂದಣಿ ಆಗಿರಬೇಕು. 500 ಚದರ ಮೀಟರ್ ಮೀರಿದ ಜಾಗ ಅಥವಾ 8ಕ್ಕಿಂತ ಹೆಚ್ಚು ಮನೆ ಇರೋ ಯೋಜನೆ ಅದರಡಿ ಬರುತ್ತೆ. ಕರ್ನಾಟಕದಲ್ಲಿ ಒಬ್ಬ ವ್ಯಕ್ತಿಗೆ ಶುಲ್ಕ 25,000, ಅವಧಿ 5 ವರ್ಷ. ಒಬ್ಬರ ಹೆಸರಿನ ಹಳೇ ಸೈಟು ಇನ್ನೊಬ್ಬರಿಗೆ ಕೊಡಿಸೋಕೆ ಅದು ಬೇಕಿಲ್ಲ. ಆದರೆ ಹೊಸ ಲೇಔಟಿನವರು ಕಮಿಷನ್ ಕೊಡ್ತೀವಿ ಬನ್ನಿ ಅಂದರೆ, ಮೊದಲು ಅವರ ರೇರಾ ನಂಬರ್ ನೋಡಿ, ಆಮೇಲೆ ನಿಮ್ಮದನ್ನ ಮಾಡಿಸಿ, ಆಮೇಲೆ ಪಾರ್ಟಿ ಕರ್ಕೊಂಡು ಹೋಗಿ.

ನಾಲೆ_ಏರಿ · 9:05
ಇಷ್ಟೆಲ್ಲ ಮಾಡಿದರೆ ಸಿಗೋದು ಎರಡೂ ಕಡೆಯಿಂದ ಶೇ 1, ಅಂದ್ರೆ 24+24 ಸಾವಿರ. ಅದೂ ಕೊನೇ ದಿನ ಸಬ್‌ರಿಜಿಸ್ಟ್ರಾರ್ ಕಚೇರಿ ಬಾಗಿಲಲ್ಲಿ "ಸ್ವಲ್ಪ ಕಮ್ಮಿ ಮಾಡ್ಕೊ" ಅಂತಾರೆ. ಆಷಾಢ, ಪಿತೃಪಕ್ಷ, ಧನುರ್ಮಾಸ ಮೂರೂ ಕಳೆದರೆ ವರ್ಷದಲ್ಲಿ ವ್ಯಾಪಾರ ಇರೋದು ಒಂಬತ್ತೂವರೆ ತಿಂಗಳು. ಸೈಟು ತೋರಿಸಿ ಮಾತು ಕುದುರಿಸೋದಷ್ಟೇ ದಲ್ಲಾಳಿ ಕೆಲಸ, ಕಾಗದ ನೋಡೋಕೆ ವಕೀಲರಿದ್ದಾರೆ.

ಕುವೆಂಪುನಗರ_ಮನೆ · 9:28
ಇದನ್ನ ಒಪ್ಪಲ್ಲ. ವಕೀಲರು ನೋಡೋದು ಕಾಗದ. ಅವರ ಮೇಜಿನ ಮೇಲೆ ಈ ಸೈಟು ಪೂರಾ 1200. ವಾಯವ್ಯ ಮೂಲೆಯಲ್ಲಿ ಕಲ್ಲಿಲ್ಲ ಅನ್ನೋದು, ಗೋಡೆಯ ಬುಡದ ಉಪ್ಪು, ತಂತಿಯ ದೂರ ಯಾವ ಕಾಗದದಲ್ಲೂ ಇಲ್ಲ. ನೆಲದ ಮೇಲೆ ನಿಂತು ನೋಡೋ ಒಬ್ಬನೇ ಮನುಷ್ಯ ದಲ್ಲಾಳಿ. ಶೇ 1 ಕೊಡೋದು ಆ ನೋಟಕ್ಕೆ. ಸೈಟು ತೋರಿಸೋಕಾದರೆ ಫೋನಲ್ಲಿ ಲೊಕೇಶನ್ ಕಳಿಸಿದರೆ ಸಾಕಲ್ಲ.

ಆಷಾಢ ಅಂದ್ರಿ. ಊರಿನ ಹಳೇ ಕಡತ ಅಳೆದು ತಾಳೆ ಹಾಕಿಡೋಕೆ ಅದಕ್ಕಿಂತ ಒಳ್ಳೇ ತಿಂಗಳಿಲ್ಲ. ಶ್ರಾವಣ ಶುರುವಾದಾಗ ಕೈಯಲ್ಲಿ ಹತ್ತು ಸೈಟಿನ ನಾಲ್ಕು ಬದಿ, ಎರಡು ಕರ್ಣ ಬರೆದಿಟ್ಟ ಪುಸ್ತಕ ಇದ್ದರೆ ಯಾರೂ ಕಮ್ಮಿ ಮಾಡು ಅನ್ನಲ್ಲ. ಕಮಿಷನ್ ಎಷ್ಟು, ಯಾವ ದಿನ ಅಂತ ಕರಾರಿನ ದಿನವೇ ಎರಡು ಸಾಲು ಬರೆಸಿ ಸಹಿ ತಗೊಳ್ಳಿ. ಅರ್ಧ ಕರಾರಿಗೆ, ಅರ್ಧ ನೋಂದಣಿಗೆ.

ಬೆಲ್ಲದ_ಅಚ್ಚು · 9:36
ಮೇಡಂ ಮಾತು ಸರಿ. ಇಷ್ಟು ಸಣ್ಣ ಊರಲ್ಲಿ ಮಾರಿದವರೂ ಕೊಂಡವರೂ ವಾರಕ್ಕೊಮ್ಮೆ ಮಾರ್ಕೆಟಲ್ಲಿ ಎದುರು ಸಿಗ್ತಾರೆ.

ನಾಲೆ_ಏರಿ · 9:50
ನೋಟಕ್ಕೆ ಬೆಲೆ ಇದೆ ಅನ್ನೋದನ್ನ ಒಪ್ತೀನಿ ಮೇಡಂ. ಕಮಿಷನ್ ಕೇಳೋದು ಕಷ್ಟ ಅನ್ನೋದನ್ನ ಬಿಡಲ್ಲ.

ಹೊಸಹಳ್ಳಿ_ಸರ್ಕಲ್ · ಶನಿವಾರ ಸಂಜೆ 5:40
ಮಾರುವವರು, ಹಿಂದಿನ ಮನೆಯವರು ಇಬ್ಬರೂ ನಿಂತು ಅಳತೆ ನೋಡಿದರು. ಹಿಂದಿನವರಿಗೆ ವಾಯವ್ಯದ ಕಡೆ 41½ ಬಂತು, ಒಪ್ಪಿದರು, ಆದರೆ ಗೋಡೆ ಈಗ ತೆಗೆಯೋಕಾಗಲ್ಲ ಅಂದರು. ಗೂಗಲ್ ಅರ್ಥ್‌ನಲ್ಲಿ ಆರು ವರ್ಷದ ಹಿಂದಿನ ಚಿತ್ರದಲ್ಲಿ ಜಾಗ ಖಾಲಿ ಇದೆ. ಸರ್ವೆ ನಂಬರಿನ ಇ.ಸಿ. ಬಂತು, ಸಾಲ ಏನಿಲ್ಲ. ಮಾರುವವರು 23,55,000ಕ್ಕೆ ಒಪ್ಪಿದ್ದಾರೆ. ಕರಾರಿಗೆ ಈ ಸಾಲು ಬರೆದಿದ್ದೀನಿ, ಸರಿ ಇದೆಯಾ ನೋಡಿ:

"ಷೆಡ್ಯೂಲ್ ಸ್ವತ್ತಿನ ಉತ್ತರದ ಬದಿಯು ಸ್ಥಳದಲ್ಲಿ 38½ ಅಡಿ ಇದ್ದು, ವಿಸ್ತೀರ್ಣ 1177½ ಚದರಡಿ ಇರುವುದನ್ನು ಉಭಯತ್ರರು ಅಳೆದು ನೋಡಿದ್ದು, ಕ್ರಯದ ಮೊಬಲಗನ್ನು ಸದರಿ ವಿಸ್ತೀರ್ಣಕ್ಕೆ ನಿಗದಿಪಡಿಸಲಾಗಿದೆ. ಉಳಿದ ಭಾಗಕ್ಕೂ ಮಾರಾಟಗಾರರಿಗೂ ಸಂಬಂಧವಿರುವುದಿಲ್ಲ."

ಕ್ರಯಪತ್ರ_ಬರಹ · 6:02
ಕೊನೇ ವಾಕ್ಯ ತೆಗೀರಿ, ಅದು ಕೊಳ್ಳುವವರ ಕೈ ಕಟ್ಟುತ್ತೆ. ಅದರ ಜಾಗದಲ್ಲಿ ಹೀಗೆ: "ವಾಯವ್ಯ ಮೂಲೆಯಲ್ಲಿ ಪಶ್ಚಿಮದ ಸ್ವತ್ತಿನವರ ಕಾಂಪೌಂಡಿನೊಳಗೆ ಸೇರಿರುವ 22½ ಚದರಡಿಯ ಮೇಲೆ ಮಾರಾಟಗಾರರಿಗೆ ಇರುವ ಹಕ್ಕುಬಾಧ್ಯತೆಗಳೂ ಖರೀದಿದಾರರಿಗೆ ಸೇರತಕ್ಕದ್ದು." ಹಿಂದಿನವರು ಅಳತೆ ಒಪ್ಪಿದ್ದನ್ನ ಬಿಳಿ ಹಾಳೆಯಲ್ಲಾದರೂ ಬರೆಸಿ, ತಾರೀಕು ಹಾಕಿಸಿ, ಸಹಿ ತಗೊಳ್ಳಿ. 12 ವರ್ಷದ ವಾದ ಬಂದರೆ ಅದೇ ಉತ್ತರ. ಟೋಕನ್ 20,000 ಅಥವಾ ಅದಕ್ಕಿಂತ ಹೆಚ್ಚಾದರೆ ನಗದು ಬೇಡ, ಬ್ಯಾಂಕ್ ಮೂಲಕವೇ ಹಾಕಿಸಿ. ನಗದು ತಗೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳುತ್ತೆ.

ಹೊಸಹಳ್ಳಿ_ಸರ್ಕಲ್ · 6:10
ತಿದ್ದಿದೆ ಸರ್. ಸಹಿಗೆ ಈಗಲೇ ಹೊರಟೆ.

ಸರಪಳಿ_ಅಳತೆ · 6:18
ನಾಳೆ ಅವರು ಬಂದಾಗ ಟೇಪಿನ ಸೊನ್ನೆ ತುದಿ ಅವರ ಕೈಗೇ ಕೊಟ್ಟು ಆಗ್ನೇಯದ ಕಲ್ಲಿನ ಹತ್ತಿರ ನಿಲ್ಲಿಸಿ, ನೀವು ವಾಯವ್ಯಕ್ಕೆ ಹೋಗಿ 48 ಅಡಿ 10 ಇಂಚು ಓದಿ ಹೇಳಿ. ಆಮೇಲೆ ಬೆಲೆ ಮಾತಾಡಿ. ಆ ಮೂಲೆಗೆ ಕಲ್ಲು ನೆಡಿಸೋದು ನೋಂದಣಿಗೆ ಮುಂಚೆ ಆಗಲಿ.